ಆಯಿಲ್ ಕಪ್ಪಾಗುವುದು ಅಪರಾಧವಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ತಮ್ಮ ಡೀಸೆಲ್ ಕಾರಿನ ಸಂಕಟ ತೋಡಿಕೊಂಡಿದ್ದರು. ಸರ್ವಿಸ್ ಮಾಡಿಸಿ ಹದಿನೈದು ದಿನವಾಗಿಲ್ಲ, 900 ಕಿ.ಮೀ. ಓಡಿಲ್ಲ, ಆಗಲೇ ಎಂಜಿನ್ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಾಡಿಗೆಯಂತೆ ಕಪ್ಪಾಗಿದೆ. ಹಳೆಯದನ್ನೇ ಉಳಿಸಿ ಹೊಸದರ ಬಿಲ್ ಕೊಟ್ಟಿದ್ದಾರೆ ಎಂಬುದು ಅವರ ದೂರು. ನಾನು 1987ರಿಂದ ತೀರ್ಥಹಳ್ಳಿಯಲ್ಲಿ ಗಾಡಿ ರಿಪೇರಿ ಮಾಡಿಕೊಂಡು ಬಂದವನು. ಆ ಸರ್ವಿಸ್‌ನವರ ಪರವಾಗಿ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ. ಆದರೆ ಆಯಿಲ್‌ನ ಬಣ್ಣವೊಂದನ್ನೇ ಸಾಕ್ಷಿಯಾಗಿ ನಿಲ್ಲಿಸಿದರೆ ಈ ಮೊಕದ್ದಮೆ ನಿಲ್ಲುವುದಿಲ್ಲ.

ಡೀಸೆಲ್ ಉರಿದಾಗ ಮಸಿ ಆಗುತ್ತದೆ. ಆಯಿಲ್‌ನಲ್ಲಿ ಎಣ್ಣೆಯ ಜೊತೆಗೆ ಬೇರೆ ರಾಸಾಯನಿಕಗಳೂ ಇರುತ್ತವೆ. ಕೆಲವು ಕೊಳೆಯನ್ನು ಬಿಡಿಸುತ್ತವೆ, ಕೆಲವು ಬಿಡಿಸಿದ ಕೊಳೆ ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ತೇಲಿಸಿ ಇಟ್ಟುಕೊಳ್ಳುತ್ತವೆ. ಬಟ್ಟೆ ಒಗೆದ ನೀರು ತಿಳಿಯಾಗಿಯೇ ಉಳಿದರೆ ಯಾರಾದರೂ ಸಂತೋಷಪಡುತ್ತಾರೆಯೇ? ಮೇಲಾಗಿ, ಎಷ್ಟೇ ಹೊತ್ತು ಸೋರಲು ಬಿಟ್ಟರೂ ಎಂಜಿನ್ನಿನ ಸಂದುಗಳಲ್ಲಿ ಒಂದಿಷ್ಟು ಹಳೆಯ ಆಯಿಲ್ ಉಳಿದೇ ಉಳಿಯುತ್ತದೆ. ಹೊಸದನ್ನು ಹಾಕಿ ಎಂಜಿನ್ ಚಾಲೂ ಮಾಡಿದ ಅರ್ಧ ಗಂಟೆಗೇ ಕಪ್ಪಾದ ಡೀಸೆಲ್ ಗಾಡಿಗಳನ್ನು ನಾನೇ ನೂರಾರು ನೋಡಿದ್ದೇನೆ, ನನ್ನ ಕೈಯಿಂದಲೇ ಆಯಿಲ್ ಹಾಕಿದವು.

ನನಗೆ ಹೆದರಿಕೆ ಹುಟ್ಟಿಸಿದ ಕಾರು ಬೇರೆ.

ಸೇತುವೆಯಾಚೆಯ ನಿವೃತ್ತ ಮೇಷ್ಟ್ರೊಬ್ಬರು 2018ರಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರು ತೆಗೆದುಕೊಂಡರು. ಕಾರಿನ ಮೇಲೆ ಪ್ರಾಣ. ದಿನಾ ಒರೆಸುವುದೇನು, ಸೀಟಿಗೆ ಬಿಳಿ ಟವೆಲ್ ಹೊದಿಸುವುದೇನು. ಮನೆಯಿಂದ ಪೇಟೆಗೆ ಎರಡೂವರೆ ಕಿಲೋಮೀಟರ್. ತರಕಾರಿ, ಬ್ಯಾಂಕು, ಸಂಜೆ ದೇವಸ್ಥಾನ, ಅಷ್ಟೇ ಅದರ ಓಡಾಟ. 2019ರಲ್ಲಿ ಒಮ್ಮೆ ಆಯಿಲ್ ಬದಲಿಸಿದ್ದು, ಆಮೇಲೆ ಕೊರೊನಾ ಬಂತು, ಕಾರು ಶೆಡ್ಡಿನಲ್ಲೇ ನಿಂತಿತು. ಆಮೇಲೂ ಅವರು ಬರಲಿಲ್ಲ. ಪೇಟೆಯಲ್ಲಿ ಸಿಕ್ಕಾಗ ನಾನೇ ಕೇಳಿದ್ದೆ. “ಹತ್ತು ಸಾವಿರಕ್ಕೆ ಅಲ್ಲವೇನಯ್ಯಾ ಬದಲಿಸಬೇಕಾದ್ದು? ಆಮೇಲೆ ನಾನು ಓಡಿಸಿದ್ದು ಏಳು ಸಾವಿರವೂ ಆಗಿಲ್ಲ” ಎಂದರು. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುವುದು ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವರು ಆ ‘ಅಥವಾ’ವನ್ನು ಹೇಗೆ ದಾಟಿ ಹೋದರೋ! ಎದುರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ನನಗೂ ಅವರು ಎಂಟನೇ ತರಗತಿಯಲ್ಲಿ ಪಾಠ ಮಾಡಿದವರು.

2023ರ ಮೇ ತಿಂಗಳಲ್ಲಿ ಉಡುಪಿಯ ಕಡೆ ಒಂದು ಮದುವೆ. ಆಗುಂಬೆಯ ಘಾಟಿ ಇಳಿಯುವಾಗ ಏಳನೆಯದೋ ಎಂಟನೆಯದೋ ತಿರುವಿನಲ್ಲಿ, ಆಯಿಲ್ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಮಿನುಗಿ ಆರಿತಂತೆ. ಮುಂದಿನ ತಿರುವಿನಲ್ಲಿ ಮತ್ತೆ. ಸೋಮೇಶ್ವರಕ್ಕೆ ಇಳಿದವರೇ ಅಲ್ಲಿ ಒಂದು ಲೀಟರ್ ಆಯಿಲ್ ಕೊಂಡು, ಅದೂ ಬೈಕಿಗೆ ಹಾಕುವ 20ಡಬ್ಲ್ಯು-50, ಸುರಿಸಿದರು. ದೀಪ ಆರಲಿಲ್ಲ. ಹೆಬ್ರಿ ತಲುಪುವಷ್ಟರಲ್ಲಿ ಎಂಜಿನ್ನಿನಿಂದ ಟಕಟಕ ಸದ್ದು, ಅಲ್ಲಿಗೆ ಮದುವೆಯೂ ತಪ್ಪಿತು.

ಆ ದೀಪದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಆಯಿಲ್ ಎಷ್ಟಿದೆ ಎಂದು ಹೇಳುವ ದೀಪವಲ್ಲ, ಆಯಿಲ್‌ನ ಒತ್ತಡ ಬಿದ್ದಿದೆ ಎಂದು ಕೂಗುವ ದೀಪ. ಅದು ಹತ್ತಿತೆಂದರೆ ಬದಿಗೆ ನಿಲ್ಲಿಸಿ ಕೀ ತಿರುಗಿಸಿ ಎಂಜಿನ್ ಆರಿಸುವುದೊಂದೇ ದಾರಿ. “ಇನ್ನೆರಡು ಕಿಲೋಮೀಟರ್, ಊರು ಬಂತು” ಎನ್ನುವ ಆ ಎರಡು ಕಿಲೋಮೀಟರಿನಲ್ಲೇ ಬೇರಿಂಗುಗಳು ಸವೆದು ಹೋಗುತ್ತವೆ. ಮೇಷ್ಟ್ರ ಕಾರಿನಲ್ಲಿ ಆಯಿಲ್ ಬೇಕಾದಷ್ಟಿತ್ತು. ಮೇಲಕ್ಕೆ ಏರುತ್ತಿರಲಿಲ್ಲ.

ಕಾರನ್ನು ಎಳೆಸಿಕೊಂಡು ತಂದ ಮೇಲೆ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ಬಿಚ್ಚಿದೆ. ನಮ್ಮ ಕಡೆಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅಡಿಕೆ ಬೇಯಿಸಿದ ಹಂಡೆಯ ತಳದ ಚೊಗರು. ಮೊದಲ ಹಂಡೆಯಲ್ಲಿ ತೆಳ್ಳಗಿರುವ ನೀರು, ಅದರಲ್ಲೇ ಮತ್ತೆ ಮತ್ತೆ ಅಡಿಕೆ ಬೇಯಿಸುತ್ತ ಹೋದಂತೆ ಮಂದವಾಗಿ, ಕೊನೆಗೆ ಸೌಟಿಗೆ ಅಂಟಿಕೊಳ್ಳುತ್ತದಲ್ಲ, ಹಾಗೆ. ಕ್ಯಾಮ್‌ನ ಸುತ್ತ ಕಂದು ಕಪ್ಪಿನ ಮಡ್ಡಿ ಬೆರಳುದ್ದದ ಗುಡ್ಡೆಗಳಾಗಿ ಕೂತಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಗೀರಿದೆ, ಗೀರಿದ ಗೆರೆ ಹಾಗೆಯೇ ನಿಂತಿತು, ಮುಚ್ಚಿಕೊಳ್ಳಲಿಲ್ಲ. ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಯಾದ ಚೇಂಬರ್ ಇಳಿಸಿದಾಗ ಆಯಿಲ್ ಹೀರಿಕೊಳ್ಳುವ ಪೈಪಿನ ಬಾಯಿಯ ಜಾಲರಿ ಕಾಣಿಸಲೇ ಇಲ್ಲ. ಮಡ್ಡಿಯ ಕೆಳಗೆ ಹೂತುಹೋಗಿತ್ತು. ಅಂಗೈ ಅಗಲವೂ ಇಲ್ಲದ ಆ ಜಾಲರಿಯಲ್ಲಿ ತೆರೆದಿದ್ದ ಕಣ್ಣುಗಳನ್ನು ಎಣಿಸಬಹುದಿತ್ತು. ಇಷ್ಟೆಲ್ಲ ಆಗಿಯೂ ಡಿಪ್‌ಸ್ಟಿಕ್‌ಗೆ ಅಂಟಿ ಬಂದ ಆಯಿಲ್ ನಿಮ್ಮ ಓದುಗರ ಡೀಸೆಲ್ ಕಾರಿನದಕ್ಕಿಂತ ಬೆಳ್ಳಗಿತ್ತು ಎಂದರೆ ನಂಬುತ್ತೀರಾ? ಕೊಳೆ ಆಯಿಲ್‌ನಲ್ಲಿ ತೇಲುತ್ತಿರಲಿಲ್ಲ, ಗೋಡೆಗೆ ಮೆತ್ತಿಕೊಂಡಾಗಿತ್ತು. ಕ್ರ್ಯಾಂಕ್, ಬೇರಿಂಗು, ಆಯಿಲ್ ಪಂಪು, ಕೂಲಿ ಎಲ್ಲ ಸೇರಿ ಎಂಬತ್ತು ಸಾವಿರ ದಾಟಿತು.

ಓಡಿಸದ ಕಾರಿಗೆ ಹೀಗೇಕಾಗುತ್ತದೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಹುಟ್ಟುತ್ತದೆ. ಬೆಳಗಿನ ಹೊತ್ತು ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಅದೇ. ಬಹುಪಾಲು ಹೊಗೆಯೊಂದಿಗೆ ಹೊರಟುಹೋದರೂ ಸ್ವಲ್ಪ ಆವಿ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್ ಸೇರುತ್ತದೆ, ಜೊತೆಗೆ ತಣ್ಣಗಿನ ಎಂಜಿನ್ನಿನಲ್ಲಿ ಸರಿಯಾಗಿ ಉರಿಯದ ಪೆಟ್ರೋಲ್ ಕೂಡ. ಆಯಿಲ್ ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ ಬ್ರೀದರ್ ಪೈಪಿನಿಂದ ಹೊರಡುತ್ತವೆ. ಮೀಟರಿನಲ್ಲಿ ನೀರಿನ ಮುಳ್ಳು ಮಧ್ಯಕ್ಕೆ ಬಂದ ಮೇಲೂ ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ಎರಡೂವರೆ ಕಿಲೋಮೀಟರಿಗೆ ಅದು ಬೆಚ್ಚಗೂ ಆಗುವುದಿಲ್ಲ. ನೀರು, ಪೆಟ್ರೋಲ್, ಮಸಿ ಎಲ್ಲವೂ ಅಲ್ಲೇ ಉಳಿದು, ಆಯಿಲ್ ಹುಳಿಯಾಗಿ, ತೇಲಿಸುವ ಶಕ್ತಿ ತೀರಿ, ಮಡ್ಡಿ ಕಟ್ಟುತ್ತದೆ. ನಮ್ಮ ಮಳೆಗಾಲದ ನಾಲ್ಕು ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈಯಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆಯ ನೊರೆಯಂಥದ್ದು ಅಂಟಿರುವುದನ್ನು ಕಂಡು ಗಾಬರಿಯಾಗಿ ಓಡಿ ಬರುವವರಿದ್ದಾರೆ. ನೊರೆ ಮುಚ್ಚಳದಲ್ಲಿ ಮಾತ್ರ ಇದ್ದು, ಡಿಪ್‌ಸ್ಟಿಕ್ ಶುದ್ಧವಾಗಿದ್ದು, ರೇಡಿಯೇಟರಿನ ನೀರು ಇಳಿಯದಿದ್ದರೆ ಅದು ಥಂಡಿಯ ನೀರು. ಒಂದು ಸಲ ಶಿವಮೊಗ್ಗಕ್ಕೆ ಹೋಗಿ ಬನ್ನಿ, ಮಾಯವಾಗುತ್ತದೆ. ಡಿಪ್‌ಸ್ಟಿಕ್‌ನ ಆಯಿಲ್ ಕೂಡ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಮಾತ್ರ ರೇಡಿಯೇಟರಿನ ನೀರು ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಬೇಕು, ಗಾಡಿ ಓಡಿಸಬಾರದು.

ಪೇಟೆ ಬದುಕಿನವರು ನಗುವುದು ಬೇಡ. ನನ್ನ ಮಗಳು ಬೆಂಗಳೂರಿನಲ್ಲಿದ್ದಾಳೆ, ಅವಳ ಕಾರು ಕಚೇರಿಗೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಲೆಕ್ಕದಲ್ಲಿ ತೆವಳುತ್ತದೆ. ಆ ವೇಗದಲ್ಲಿ 10,000 ಕಿ.ಮೀ. ಎಂದರೆ ಎಂಜಿನ್ 500 ಗಂಟೆ ಉರಿದಿದೆ ಎಂದಾಯಿತು. ನಾನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಐವತ್ತರಲ್ಲಿ ಹೋದರೆ ಅಷ್ಟೇ ದೂರಕ್ಕೆ 200 ಗಂಟೆ. ಮೀಟರ್ ಎರಡಕ್ಕೂ ಒಂದೇ ಸಂಖ್ಯೆ ತೋರಿಸುತ್ತದೆ. ಸಿಗ್ನಲ್ಲಿನಲ್ಲಿ ಎ.ಸಿ. ಹಾಕಿಕೊಂಡು ನಿಂತ ಹೊತ್ತಿಗೆ ಮೀಟರಿನಲ್ಲಿ ಲೆಕ್ಕವೇ ಇಲ್ಲ, ಆಯಿಲ್‌ಗೆ ಇದೆ. ಟ್ರ್ಯಾಕ್ಟರ್ ಮಾಡುವವರಿಗೆ ಇದು ಮೊದಲಿನಿಂದ ಗೊತ್ತು, ಅದಕ್ಕೇ ಅದರಲ್ಲಿ ಗಂಟೆಯ ಮೀಟರ್ ಇರುತ್ತದೆ, ಆಯಿಲ್ ಬದಲಿಸುವುದೂ ಗಂಟೆಯ ಲೆಕ್ಕಕ್ಕೆ. ಕೈಯಗಲದ ಪರದೆ ಇಟ್ಟು ಹಾಡು, ನಕ್ಷೆ ಎಲ್ಲ ತೋರಿಸುವ ಕಾರುಗಳಲ್ಲೂ ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬ ಒಂದು ಸಾಲು ಕಣ್ಣಿಗೆ ಬೀಳುವಂತೆ ಇರಲಿ ಎಂದು ಕಾರು ಕಂಪನಿಗಳವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಅದು ಬರುವವರೆಗೆ, ತೆವಳುವ ಊರಿನವರು ಮತ್ತು ಮೇಷ್ಟ್ರಂತೆ ಕೂಗಳತೆಯಲ್ಲಿ ಓಡಾಡುವವರು 5,000 ಕಿ.ಮೀ. ಅಥವಾ ಆರು ತಿಂಗಳಿಗೆ ಬದಲಿಸಿದರೆ ಸಾಕು, ಆ ಇನ್ನೊಂದು ಡಬ್ಬಿಯ ಖರ್ಚು ದಂಡವಲ್ಲ.

ಬಿಎಸ್-6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಕಾರಿಟ್ಟುಕೊಂಡವರಿಗೆ ಇನ್ನೊಂದು ವಿಷಯ. ಹೋದ ವರ್ಷ ಒಬ್ಬ ಹುಡುಗ ಬಂದು “ಅಣ್ಣಾ, ನನ್ನ ಗಾಡಿ ಆಯಿಲ್ ಕುಡಿಯುವುದೇ ಇಲ್ಲ, ಹಾಕಿದ್ದಕ್ಕಿಂತ ಜಾಸ್ತಿಯೇ ತೋರಿಸುತ್ತದೆ” ಎಂದು ಹೆಮ್ಮೆಪಟ್ಟ. ಮೂಸಿ ನೋಡಿದೆ, ಡೀಸೆಲ್ ವಾಸನೆ. ಈ ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಬಿಟ್ಟು ಆ ಮಸಿಯನ್ನು ಸುಡುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ಮನೆ ಬಂತೆಂದು ಎಂಜಿನ್ ಆರಿಸುತ್ತ ಹೋದರೆ ಸುಡುವ ಪ್ರಯತ್ನ ಮತ್ತೆ ಮತ್ತೆ ಮೊದಲಿನಿಂದ ನಡೆಯುತ್ತದೆ, ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಏರುವ ಆಯಿಲ್ ಇಳಿಯುವ ಆಯಿಲ್‌ಗಿಂತ ಕೆಟ್ಟದ್ದು, ಏಕೆಂದರೆ ಇಳಿದರೆ ಎಲ್ಲರೂ ಹೆದರುತ್ತಾರೆ.

ಮಡ್ಡಿ ತೊಳೆಯುತ್ತೇವೆ ಎಂದು ಫ್ಲಶ್ ಡಬ್ಬಿ ತೋರಿಸುವವರ ಬಗ್ಗೆ ನನ್ನ ಅನುಭವ ದುಬಾರಿಯದು. 1998ರಲ್ಲಿ ಹಳೆಯ ಅಂಬಾಸಿಡರ್ ಒಂದರ ಒಳಗೆ ಹೀಗೆಯೇ ಮಡ್ಡಿ ಕಂಡು, ಆಗಿನ ವಾಡಿಕೆಯಂತೆ ಡೀಸೆಲ್ ಸುರಿದು ಹತ್ತು ನಿಮಿಷ ಎಂಜಿನ್ ಓಡಿಸಿ ಇಳಿಸಿದೆ. ಬಂದ ಕಪ್ಪು ನೀರು ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬರದೇ ಉಳಿದ ಹೆಪ್ಪುಗಳು ಮೂರನೇ ದಿನ ಸಡಿಲಾಗಿ ಜಾಲರಿಗೆ ಬಂದು ಕೂತವು, ಕೊಪ್ಪದ ದಾರಿಯಲ್ಲಿ ಎಂಜಿನ್ ತಿರುಗದೆ ಹಿಡಿದುಕೊಂಡಿತು. ಆ ಎಂಜಿನ್ನಿನ ಖರ್ಚನ್ನು ನಾನೇ ಹತ್ತು ಕಂತಿನಲ್ಲಿ ತೀರಿಸಿದೆ. ತೆಳ್ಳಗೆ ಕಂದು ಬಣ್ಣ ಹಿಡಿದಿದ್ದರೆ ಒಳ್ಳೆಯ ಆಯಿಲ್ ಹಾಕಿ, ಬೇಗ ಬೇಗ ಎರಡು ಮೂರು ಸಲ ಬದಲಿಸಿ, ಅದು ನಿಧಾನವಾಗಿ ತಾನೇ ತೊಳೆಯುತ್ತದೆ. ಗಡ್ಡೆಯಾಗಿದ್ದರೆ ಚೇಂಬರ್ ಇಳಿಸಿ ಕೈಯಿಂದ ತೆಗೆಯುವುದೇ ಸರಿ.

ಇನ್ನು ಆ ಓದುಗರ ಅನುಮಾನಕ್ಕೆ ಬರುತ್ತೇನೆ, ಏಕೆಂದರೆ ಅನುಮಾನಪಡುವುದು ತಪ್ಪಲ್ಲ. ಬಣ್ಣ ನೋಡುವ ಬದಲು ಬಿಸಿ ಆಯಿಲ್‌ನ ಒಂದು ತೊಟ್ಟನ್ನು ಬಿಳಿಯ ಟಿಶ್ಯೂ ಕಾಗದದ ಮೇಲೆ ಬಿಟ್ಟು ಒಂದೆರಡು ಗಂಟೆ ಬಿಡಿ. ಕಪ್ಪು ನಡುವಿನಿಂದ ಅಂಚಿನವರೆಗೆ ಮೆಲ್ಲಗೆ ಹರಡಿಕೊಂಡರೆ ಆಯಿಲ್‌ಗೆ ಇನ್ನೂ ಕೊಳೆಯನ್ನು ತೇಲಿಸುವ ಶಕ್ತಿ ಇದೆ. ನಡುವೆ ಕುಂಕುಮದ ಬೊಟ್ಟಿನಂತೆ ಗಟ್ಟಿ ಅಂಚಿನ ಕಪ್ಪು ಚುಕ್ಕೆ ನಿಂತು, ಸುತ್ತ ಬರೀ ಎಣ್ಣೆ ಹರಡಿದರೆ ಅದರ ಕಾಲ ಮುಗಿಯಿತು. ಮುಂದಿನ ಸರ್ವಿಸ್‌ಗೆ ಹೋದಾಗ ಎದುರಿಗೇ ನಿಂತು ಹಳೆಯದನ್ನು ಇಳಿಸಲು, ಸೀಲ್ ಇರುವ ಡಬ್ಬಿಯನ್ನು ನಿಮ್ಮ ಮುಂದೆ ಒಡೆಯಲು ಹೇಳಿ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಖಾಲಿ ಡಬ್ಬಿಗೆ ಒಂದು ಮೊಳೆ ಹೊಡೆದು ತೂತು ಮಾಡಿಯೇ ಅಲ್ಲಿಂದ ಹೊರಡಿ. ತೂತಿಲ್ಲದ ಡಬ್ಬಿಗೆ ಗುಜರಿಯಲ್ಲಿ ಏಕೆ ಹೆಚ್ಚು ಬೆಲೆ ಎಂದು ಯೋಚಿಸಿದರೆ ಉಳಿದದ್ದು ಹೊಳೆಯುತ್ತದೆ. ಹಳೆಯ ಆಯಿಲನ್ನು ಬೇಲಿಯ ಗೂಟಕ್ಕೆ ಬಳಿಯಲು, ಗೆದ್ದಲಿಗೆ ಹೊಡೆಯಲು ಕೇಳುವವರು ನನ್ನಲ್ಲಿಗೂ ಬರುತ್ತಾರೆ; ಕೊಡುವುದಿಲ್ಲ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ನಿಯಮದ ಮಾತು ಹಾಗಿರಲಿ, ಮಳೆ ಬಂದರೆ ಗೂಟದ ಆಯಿಲ್ ಹೋಗುವುದು ತುಂಗೆಗೆ.

ಮೇಷ್ಟ್ರ ಕಾರಿಗೆ ಹೊಸ ಜಾಲರಿ ಹಾಕಿದೆ. ಹಳೆಯದನ್ನು ತೊಳೆಯದೆ ಹಾಗೆಯೇ ಶೆಡ್ಡಿನ ಬಾಗಿಲ ಪಕ್ಕ ಮೊಳೆಗೆ ನೇತು ಹಾಕಿದ್ದೇನೆ. “ನಾನು ಓಡಿಸಿಯೇ ಇಲ್ಲ, ಆಯಿಲ್ ಏಕೆ ಬದಲಿಸಬೇಕು” ಎಂದವರಿಗೆ ಮಾತಾಡದೆ ಅದರ ಕಡೆ ಕೈ ತೋರಿಸುತ್ತೇನೆ. ಮೊನ್ನೆ ಅಪ್ಪನ ಜೊತೆ ಬಂದ ಒಬ್ಬ ಪುಟ್ಟ ಹುಡುಗಿ ಅದನ್ನು ಬಹಳ ಹೊತ್ತು ನೋಡಿ, ಕಣಜದ ಹುಳ ಒಳಗಿದೆಯೋ ಹಾರಿಹೋಗಿದೆಯೋ ಎಂದು ಕೇಳಿದಳು.

ಇತಿ,
ಒಬ್ಬ ಹಳೆಯ ಮೆಕ್ಯಾನಿಕ್
ತೀರ್ಥಹಳ್ಳಿ