ಚಿಗರಿ ಕೊಂದ ಬ್ಯಾನಿ ನಮ್ಮ ಎಮ್ಮಿ ಗೋದಲಿಗೆ ಹಳೇದು: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಾದ ಈಶ್ವರ ಖಂಡ್ರೆ ಸಾಹೇಬ್ರಿಗೆ, ಬೆಳಗಾವಿ ಜಿಲ್ಲಾದಿಂದ ನಮಸ್ಕಾರ್ರೀ.

ನಾನು ಡಾಕ್ಟರ್ ಅಲ್ಲ, ಯಾವ ಸಂಘಟನಿಯವನೂ ಅಲ್ಲ. ಬೈಲಹೊಂಗಲ ತಾಲೂಕಿನ ಹಳ್ಳ್ಯಾಗ ಎರಡು ಎಮ್ಮಿ ಕಟ್ಟಿರೋ ಮನಿಯವ, ದಿನಾ ಬಸ್ಸಿಗೆ ಬೆಳಗಾವಿಗೆ ಕೆಲಸಕ್ಕ ಹೋಗಿ ಬರ್ತೀನಿ. 2025ರ ನವೆಂಬರ್‌ದಾಗ ಬೆಳಗಾವಿ ಹತ್ರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಾಗ ಚಿಗರಿ ಸತ್ತ ಸುದ್ದಿ ಓದಿದ್ದೂ ಬಸ್ಸಿನ್ಯಾಗ ಕುಂತ. ಮೊದಲ ದಿನ 8 ಸತ್ತುವು ಅಂದ್ರು. ಎರಡ ದಿನ ಬಿಟ್ಟು ಒಮ್ಮೆಲೇ 20. ಆಮ್ಯಾಲ ಒಂದೊಂದ ಕೂಡಿ ಲೆಕ್ಕ 31ಕ್ಕ ಮುಟ್ತು. 38 ಇದ್ದ ಹಿಂಡಿನ್ಯಾಗ ಉಳಿದದ್ದು ಏಳು. ನಾಲ್ಕೈದು ದಿನದಾಗ ಹೆಚ್ಚೂ ಕಡಿಮಿ ಒಂದು ಇಡೀ ಹಿಂಡು ಹೋತು ಸಾಹೇಬ್ರ.

ಪ್ಯಾಟಿ ಮಂದಿ ಕೃಷ್ಣಮೃಗ ಅಂತಾರ, ನಮಗ ಅದು ಚಿಗರಿ. ಹುಬ್ಬಳ್ಳಿ ಧಾರವಾಡದ ನಡುವ ಓಡೋ ಬಿಆರ್‌ಟಿಎಸ್ ಬಸ್ಸಿಗೂ ಅದ ಹೆಸರು ಇಟ್ಟೀವಿ, ಅಷ್ಟ ಪ್ರೀತಿ ನಮ್ಮ ಕಡೆ. 1972ರ ವನ್ಯಜೀವಿ ಕಾಯ್ದೆದಾಗ ಮೊದಲನೇ ಷೆಡ್ಯೂಲಿನ ಪ್ರಾಣಿ ಅದು, ಹುಲಿಗೆ ಇರೋವಷ್ಟ ರಕ್ಷಣೆ ಅದಕ್ಕೂ ಐತಿ. ಹೊಲದಾಗ ಬೆಳಿ ತಿಂತು ಅಂತ ರೈತ ಒಂದಕ್ಕ ಕಲ್ಲು ಒಗದು ಅದೇನಾರ ಸತ್ರ ಜೈಲಿಗೆ ಹೋಗ್ತಾನ. ಸರ್ಕಾರದ ಬೇಲಿ ಒಳಗ 31 ಸತ್ರ ಏನಾಗ್ತೈತಿ ಅಂತ ಕೇಳೋದು ತಪ್ಪಲ್ಲ ಅನ್ಕೊಂಡೀನಿ.

ತನಿಖೆಗೆ ಆದೇಶ ಕೊಟ್ರಿ, ಬನ್ನೇರುಘಟ್ಟದಿಂದ ತಜ್ಞರೂ ಬಂದ್ರು, ಅದಕ್ಕ ಬ್ಯಾರೆ ಮಾತಿಲ್ಲ. ರೋಗ ಎಚ್‌ಎಸ್, ಅಂದ್ರ ಹೆಮರೇಜಿಕ್ ಸೆಪ್ಟಿಸೀಮಿಯಾ ಅಂತ ಗೊತ್ತಾತು. ಟಿವಿಯವರು ಆ ಹೆಸರು ಹೇಳೋಕ ತಡವರಿಸ್ತಿದ್ರು, ಏನೋ ವಿದೇಶದಿಂದ ಬಂದ ಹೊಸಾ ವೈರಸ್ ಅನ್ನೋ ಹಂಗ ಹಿಂದ ಮ್ಯೂಸಿಕ್ ಬ್ಯಾರೆ. ಅದು ವೈರಸ್ಸೂ ಅಲ್ಲ, ಹೊಸಾದೂ ಅಲ್ಲ. ಇಲಾಖೆ ಪಾಂಪ್ಲೆಟ್‌ದಾಗ ಗಳಲೆ ರೋಗ ಅಂತ ಬರಿತಾರ, ನಮ್ಮ ಅವ್ವ ಗಂಟಲ ಬ್ಯಾನಿ ಅಂತಾಳ. ಪಾಶ್ಚುರೆಲ್ಲಾ ಮಲ್ಟೋಸಿಡಾ ಅನ್ನೋ ಬ್ಯಾಕ್ಟೀರಿಯಾದಿಂದ ಬರ್ತೈತಿ. ಎಮ್ಮಿ ಇರೋ ಮನ್ಯಾಗ ಇದರ ಹೆಸರು ಕೇಳಿಲ್ಲ ಅನ್ನೋರು ಸಿಗಲಿಕ್ಕಿಲ್ಲ.

ನಾನು ಆರನೇತ್ತಾ ಇದ್ದಾಗ ನಮ್ಮ ಮನಿ ಎಮ್ಮಿಗೆ ಬಂದಿತ್ತು. ಸಂಜಿಕ ಹಾಲು ಕೊಟ್ಟಿತ್ರೀ ಅದು. ರಾತ್ರಿ ಮೇವು ಮುಟ್ಟಲಿಲ್ಲ, ಬಾಯಾಗ ಜೊಲ್ಲು, ಗಂಟಲ ಬುಡ ಉಬ್ಬಿ ಗಟ್ಟಿಯಾಗಿ ಉಸಿರಾಡಿದ್ರ ಗೊರ ಗೊರ ಸಪ್ಪಳ. ಅಪ್ಪ ಸೈಕಲ್ ತಗೊಂಡು ಡಾಕ್ಟರ್‌ನ ಕರ್ಕೊಂಡು ಬರೋದ್ರಾಗ ಬೆಳಗಾಗಿತ್ತು, ಎಮ್ಮಿ ಕಾಲು ಚಾಚಿತ್ತು. ಡಾಕ್ಟರ್ ಮಾಡಿದ ಮೊದಲ ಕೆಲಸ ಏನು ಗೊತ್ತೇನ್ರಿ, ಸತ್ತ ಎಮ್ಮಿ ಕಡೆ ನೋಡಲಿಲ್ಲ, ಬಾಜೂಕ ಕಟ್ಟಿದ್ದ ಇನ್ನೊಂದರ ಜ್ವರ ನೋಡಿ ಸೂಜಿ ಹಾಕಿದ, ಆಮ್ಯಾಲ ಓಣ್ಯಾಗಿನ ದನಾ ಎಲ್ಲಾ ನೋಡಿದ. ಆ ಇನ್ನೊಂದು ಎಮ್ಮಿ ಬದುಕ್ತು, ಮುಂದ ನಾಲ್ಕು ಕರ ಹಾಕ್ತು. ಈ ರೋಗದಾಗ ಸತ್ತದ್ದರ ಮುಂದ ಕುಂತ್ರ ಉಳಿದದ್ದೂ ಹೋಗ್ತಾವ, ಅದಕ್ಕ ಇಷ್ಟುದ್ದ ಹೇಳಿದೆ. ಲಕ್ಷಣ ಕಂಡ ಮ್ಯಾಲ ಭಾಳ ಸಲ ಒಂದು ದಿನಾನೂ ಸಿಗೂದಿಲ್ಲ, ಕೆಲವು ತಾಸಿನ್ಯಾಗ ಮುಗಿದು ಹೋಗ್ತೈತಿ. ಜ್ವರ ಶುರು ಆಗೋ ಹೊತ್ತಿಗೆ ಆಂಟಿಬಯೋಟಿಕ್ ಬಿದ್ರ ಮಾತ್ರ ಆಸೆ.

ಹಂಗಾದ್ರ ನನ್ನ ಮೊದಲ ಪ್ರಶ್ನೆ. ಮೊದಲನೇ ಚಿಗರಿ ಸತ್ತ ತಾಸಿನಿಂದ 20 ಚಿಗರಿ ಬೀಳೋ ತನಕ ಏನೇನ ಮಾಡಿದ್ರು ಅನ್ನೋದನ್ನ ತಾಸು ತಾಸು ಲೆಕ್ಕದಾಗ ಜನರ ಮುಂದ ಇಡ್ರಿ. ಯಾರನ್ನೋ ಸಸ್ಪೆಂಡ್ ಮಾಡ್ರಿ ಅಂತ ಕೇಳಾಕತ್ತಿಲ್ಲ, ಅದು ನಮ್ಮ ರಾಜ್ಯದಾಗ ಸುಲಭದ ಕೆಲಸ, ಮೇವು ಹಾಕೋ ದಿನಗೂಲಿಯವನ ತಲಿ ಮ್ಯಾಲ ಬಂದು ನಿಲ್ತೈತಿ. ನನಗ ಬೇಕಾಗಿದ್ದು ಪೂರ್ತಿ ವರದಿ, ಕನ್ನಡದಾಗ. ಗದಗ, ಹಂಪಿ, ಶಿವಮೊಗ್ಗ, ಕಲಬುರಗಿ ಮೃಗಾಲಯದ ಪ್ರಾಣಿ ಪಾಲಕರೂ ಓದಿ ತಿಳ್ಕೊಳ್ಳೋ ಹಂಗ ಇರಬೇಕು.

ಸ್ಯಾಂಪಲ್ ಬೆಂಗಳೂರಿಗೆ ಹೋಗಿ ರಿಸಲ್ಟ್ ಬರಬೇಕು ಅಂತಾರ, ಖರೆ, ಪಕ್ಕಾ ಮಾಡ್ಕೊಳ್ಳೋಕ ದೊಡ್ಡ ಲ್ಯಾಬ್ ಬೇಕು. ಆದ್ರ ಅನುಮಾನ ಹುಟ್ಟೋಕ ಬೆಂಗಳೂರಿನ ಹೆಬ್ಬಾಳದ ಲ್ಯಾಬ್ ಬ್ಯಾಡ್ರಿ. ನಮ್ಮ ಊರ ಕಡೆ ದನದ ದವಾಖಾನಿ ಡಾಕ್ಟರ್ ಒಬ್ರು ನನಗ ತೋರಿಸಿದ್ರು, ಒಂದು ಹನಿ ರಕ್ತ ಗಾಜಿನ ಮ್ಯಾಲ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಾಗ ನೋಡಿದ್ರ ಈ ಬ್ಯಾಕ್ಟೀರಿಯಾ ಎರಡೂ ತುದಿಗೆ ಬಣ್ಣ ಹಿಡಿದು ನಡುವ ಖಾಲಿ ಕಾಣ್ತೈತಿ, ಥೇಟ್ ಸೀರಿ ಪಿನ್ನಿನಂಗ. ಅರ್ಧ ತಾಸಿನ ಕೆಲಸ. ಅಷ್ಟು ಕಂಡ್ರ ರಿಸಲ್ಟ್ ಕಾಯದ ಔಷಧ ಶುರು ಮಾಡೋಕ ಸಾಕು ಅಂದ್ರು. ಪ್ರತಿ ಸಣ್ಣ ಮೃಗಾಲಯದಾಗ ಈ ಸೂಕ್ಷ್ಮದರ್ಶಕ, ಬಣ್ಣ, ಅದನ್ನ ನೋಡೋಕ ಬರೋ ಕಾಯಂ ವೈದ್ಯರು ಅದಾರೇನು? ದಾಖಲೆ ಮ್ಯಾಲ ಇರೋದು ಬ್ಯಾರೆ, ಭಾನುವಾರ ಬೆಳಗ್ಗೆ ಆರಕ್ಕ ಇರೋದು ಬ್ಯಾರೆ.

ಇನ್ನೊಂದು ಮಾತು, ಇದು ಭಾಳ ಮಂದಿಗೆ ಗೊತ್ತಿಲ್ಲ ಅನ್ಸತೈತಿ. ಈ ಬ್ಯಾಕ್ಟೀರಿಯಾ ಆರಾಮ ಇರೋ ದನದ ಗಂಟಲದಾಗೂ ಸುಮ್ಮನ ಇರ್ತೈತಿ. ಹವಾ ಬದಲಾದಾಗ, ಥಂಡಿ ಹತ್ತಿದಾಗ, ಮೇವು ಕಡಿಮಿ ಆದಾಗ, ಗದ್ದಲಕ್ಕ ಹೆದರಿದಾಗ ಮೈಯಾಗಿನ ಶಕ್ತಿ ಕುಗ್ಗಿ ಅದು ಎದ್ದು ಕುಂದರ್ತೈತಿ. 2015ರ ಮೇ ತಿಂಗಳಾಗ ಕಜಕಸ್ತಾನದಾಗ ಸೈಗಾ ಅನ್ನೋ ಚಿಗರಿ ಜಾತಿ ಪ್ರಾಣಿ ಮೂರು ವಾರದಾಗ ಸುಮಾರು 2 ಲಕ್ಷ ಸತ್ತುವು. ಜಗತ್ತಿನ್ಯಾಗ ಇದ್ದ ಸೈಗಾದ ಅರ್ಧಕ್ಕಿಂತ ಹೆಚ್ಚು, ಆಗ ಅವು ಅಳಿವಿನ ಅಂಚಿನ್ಯಾಗ ಇದ್ದ ಪ್ರಾಣಿ ಬ್ಯಾರೆ. ಕೊಂದದ್ದು ಇದ ಪಾಶ್ಚುರೆಲ್ಲಾ. ಹವಾ ಒಮ್ಮೆಲೇ ಬೆಚ್ಚಗಾಗಿ ತೇವ ಹೆಚ್ಚಾಗಿದ್ದು ಅದಕ್ಕ ದಾರಿ ಮಾಡಿತು ಅಂತ ವಿಜ್ಞಾನಿಗಳು ಹೇಳಿದ್ರು. ಅಲ್ಲಿ ಬಯಲು, ಓಡೋಕ ನೂರಾರು ಮೈಲಿ ಜಾಗ ಇತ್ತು, ಆದ್ರೂ ಹಂಗಾತು. ಬೇಲಿ ಒಳಗ ಒಂದ ತೊಟ್ಟಿ ನೀರು ಕುಡಿದು ಒಂದ ಕಡೆ ಮೇವು ತಿನ್ನೋ 38 ಚಿಗರಿ ಕಥಿ ಏನ ಹೇಳೋದು.

ಲಸಿಕಿ ಐತ್ರೀ ಇದಕ್ಕ. ಮಳಿಗಾಲಕ್ಕ ಮುಂಚೆ ಪಶು ಇಲಾಖೆಯವರು ಊರಿಗೆ ಬಂದು ದನಕ್ಕ ಹಾಕ್ತಾರ. ಆ ಲಸಿಕಿ ತಯಾರ್ ಆಗೋದೂ ನಮ್ಮ ಹೆಬ್ಬಾಳದಾಗ. ಹಂಗಾದ್ರ ಚಿಗರಿಗೂ ಚುಚ್ಚಿದ್ರ ಮುಗೀತಲ್ಲ ಅಂತ ನಾನೂ ಅಂದಿದ್ದೆ, ಅಷ್ಟು ಸರಳ ಇಲ್ಲಂತ. ಚಿಗರಿ ಹಿಡಿಯೋಕ ಹೋದ್ರ ಹೆದರಿ ಬೇಲಿಗೆ ಬಡ್ಕೊಂಡು ಕಾಲು ಮುರ್ಕೊಳ್ತಾವ, ಓಡಿ ಓಡಿ ಮಾಂಸಖಂಡ ಕೆಟ್ಟು ರೋಗ ಇಲ್ಲದನ ಸಾಯ್ತಾವ. ಎಮ್ಮಿ ಮೂಗದಾಣ ಹಿಡಿದಂಗ ಹಿಡಿಯೋಕ ಆಗೂದಿಲ್ಲ. ದೂರದಿಂದ ಡಾರ್ಟ್, ಅಂದ್ರ ಬಂದೂಕಿನಿಂದ ಹಾರಿಸೋ ಸೂಜಿ, ಹೊಡೀಬೇಕೋ ಬ್ಯಾರೆ ದಾರಿ ಐತೋ ಅನ್ನೋದನ್ನ ತಜ್ಞರಿಗೆ ಬಿಡೋಣ. ನಿಮ್ಮ ಬೀದರ್‌ದಾಗ ಪಶುವೈದ್ಯಕೀಯ ವಿಶ್ವವಿದ್ಯಾಲಯನ ಐತಿ, ನೀವು ಭಾಲ್ಕಿಯವರು, ನಾನು ನಿಮಗ ದಾರಿ ಹೇಳಬೇಕಿಲ್ಲ. ಬೀದರ್ ಕಡೆ ಹೊಲದಾಗ ಚಿಗರಿ ಹಿಂಡು ಜಿಗಿಯೋದನ್ನ ನನಗಿಂತ ಹೆಚ್ಚು ನೀವ ನೋಡಿರಬೇಕು.

ಆದ್ರ ಬೇಲಿ ಹೊರಗಿನ ದನಕ್ಕ ಲಸಿಕಿ ಹಾಕೋಕ ಯಾವ ಡಾರ್ಟೂ ಬ್ಯಾಡಲ್ರಿ? ಮೃಗಾಲಯದ ಸುತ್ತ ಹಳ್ಳಿ ಅದಾವ, ಹಳ್ಳ್ಯಾಗ ಎಮ್ಮಿ ಅದಾವ, ಹಸಿ ಮೇವು ಆ ಕಡೆಯಿಂದನ ಬರ್ತಿರಬೇಕು. ಪ್ರಾಣಿ ನೋಡ್ಕೊಳ್ಳೋರು ಬೆಳಗ್ಗೆ ಮನ್ಯಾಗ ಎಮ್ಮಿ ಸಗಣಿ ಬಾಚಿ ಅದ ಚಪ್ಪಲಿ ಮ್ಯಾಲ ಡ್ಯೂಟಿಗೆ ಬರ್ತಿದ್ರ ಅದು ಅವರ ತಪ್ಪೂ ಅಲ್ಲ. ಯಾರಾರ ಹೇಳಿರಬೇಕಲ್ಲ, ಗೇಟಿನ್ಯಾಗ ಬದಲಿಸೋಕ ಒಂದ ಜೊತಿ ಗಂಬೂಟ್ ಇಟ್ಟಿರಬೇಕಲ್ಲ, ಕಾಲು ಅದ್ದೋಕ ಔಷಧ ನೀರಿನ ತೊಟ್ಟಿ ತುಂಬಿಸಿರಬೇಕಲ್ಲ. ಇಲ್ಲಿ ರೋಗ ಹಂಗ ಬಂತು ಅಂತ ನಾನು ಹೇಳಾಕತ್ತಿಲ್ಲ, ಅದನ್ನ ವರದಿ ಹೇಳಬೇಕು. ಬರೋಕ ಇರೋ ದಾರಿ ಹೇಳಾಕತ್ತೀನಿ.

ಚಪ್ಪಲಿ ಮಾತು ನಗೋವಂಥಾದಲ್ಲ. 2024ರ ಅಕ್ಟೋಬರ್‌ದಾಗ ಹಾಂಗ್‌ಕಾಂಗ್‌ನ ಸಸ್ಯೋದ್ಯಾನ ಮೃಗಾಲಯದಾಗ ಒಂದರ ಹಿಂದ ಒಂದು ಮಂಗ ಸತ್ತುವು, ಅದರಾಗ ಕಾಟನ್ ಟಾಪ್ ಟ್ಯಾಮರಿನ್ ಅನ್ನೋ ತೀರಾ ಅಳಿವಿನ ಅಂಚಿನ್ಯಾಗಿರೋ ಬೆಳ್ಳಗಿನ ಜುಟ್ಟಿನ ಪುಟ್ಟ ಮಂಗಾನೂ ಇತ್ತು. ಕಾರಣ ಮೆಲಿಯಾಯ್ಡೋಸಿಸ್, ಮಣ್ಣಾಗ ಇರೋ ಬ್ಯಾಕ್ಟೀರಿಯಾದಿಂದ ಬರೋ ರೋಗ. ನೀರಿನ ಪೈಪಿನ ಕೆಲಸಕ್ಕ ಪಂಜರದ ಹತ್ರ ಮಣ್ಣು ಅಗೆದಿದ್ರು, ಕೆಲಸಗಾರರ ಬೂಟಿನ ಜೊತಿ ಆ ಮಣ್ಣು ಒಳಗ ಹೋಗಿರಬಹುದು ಅಂತ ಅಲ್ಲಿನ ಅಧಿಕಾರಿಗಳ ಹೇಳಿದ್ರು. ಒಂದ ವಾರದೊಳಗ ಕಾರಣ ಜನರಿಗೆ ತಿಳಿಸಿದ್ರು, ಅದು ನನಗ ಮೆಚ್ಚಿಗಿ ಆತು. ಇದ ಮೆಲಿಯಾಯ್ಡೋಸಿಸ್ ನಮ್ಮ ಉಡುಪಿ ಮಂಗಳೂರು ಕಡೆ ಮಳಿಗಾಲದಾಗ ಮನುಷ್ಯಾರಿಗೆ ಬರ್ತೈತಿ, ಹಂಗಾಗಿ ದೂರದ ಸುದ್ದಿ ಅಂತ ಬಿಡೋಕ ಆಗೂದಿಲ್ಲ.

ಮನುಷ್ಯಾರಿಂದ ಪ್ರಾಣಿಗೂ ಹೋಗ್ತೈತಿ, ಸಾಕಿದ ಆನಿಗೆ ಬರೋ ಕ್ಷಯ ಹೆಚ್ಚಾಗಿ ನಮಗ ಬರೋ ಕ್ಷಯನ. ದುಬಾರೆ, ಸಕ್ರೆಬೈಲು ಶಿಬಿರದ ಮಾವುತ ಕಾವಾಡಿಗಳಿಗೆ ವರ್ಷಕ್ಕೊಮ್ಮೆ ಕಫ ಪರೀಕ್ಷೆ, ಎಕ್ಸ್‌ರೇ ತಪ್ಪದ ಮಾಡ್ಸಿದ್ರ ಅವರಿಗೂ ಛಲೋ, ಆನಿಗೂ ಛಲೋ. ಅದರ ಬಗ್ಗೆ ಇನ್ನೊಮ್ಮೆ ಬರಿತೀನಿ.

ಈಗ ಅಸಲಿ ತಕರಾರಿಗೆ ಬರ್ತೀನಿ. ದನ ಪಶು ಇಲಾಖೆದು, ಚಿಗರಿ ಅರಣ್ಯ ಇಲಾಖೆದು, ಮೃಗಾಲಯ ನೋಡ್ಕೊಳ್ಳೋದು ರಾಜ್ಯದ ಮೃಗಾಲಯ ಪ್ರಾಧಿಕಾರ. ಬ್ಯಾಕ್ಟೀರಿಯಾಕ್ಕ ಯಾವ ಇಲಾಖೆ ಅನ್ನೋದು ಯಾರೂ ಹೇಳಿಲ್ಲ, ಅದು ಪರ್ಮಿಷನ್ ಕೇಳದ ಬೇಲಿ ದಾಟ್ತೈತಿ. ಪಕ್ಕದ ಊರಾಗ ಎಮ್ಮಿಗೆ ಗಂಟಲ ಬ್ಯಾನಿ ಬಂದ್ರ ದನದ ಡಾಕ್ಟರಿಗೆ ಗೊತ್ತಾಗ್ತೈತಿ, ಅವರು ಮೃಗಾಲಯಕ್ಕ ಒಂದು ಫೋನ್ ಮಾಡಬೇಕು ಅನ್ನೋ ನಿಯಮ ಎಲ್ಲಿ ಐತಿ? ಇದ್ರ ತೋರಿಸ್ರಿ, ಇಲ್ಲ ಅಂದ್ರ ಒಂದು ಪುಟದ ಸುತ್ತೋಲೆ ಹೊರಡಿಸ್ರಿ, ಬಜೆಟ್ಟೂ ಬೇಕಾಗಿಲ್ಲ ಅದಕ್ಕ. ಆ ಪ್ರಾಧಿಕಾರದ ಒಂಬತ್ತೂ ಮೃಗಾಲಯದ ಸುತ್ತಲಿನ ಹಳ್ಳಿ ದನಕ್ಕ ಮೊದಲ ಲಸಿಕಿ, ಪ್ರಾಣಿ ಪಾಲಕರ ಮನಿ ದನಕ್ಕ ಎಲ್ಲಾದಕ್ಕಿಂತ ಮೊದಲು. ಚಿಗರಿಗಳನ್ನ ಒಂದ ದೊಡ್ಡಿನ್ಯಾಗ ತುಂಬೋದು ಬಿಟ್ಟು ಎರಡು ಮೂರು ಗುಂಪು ಮಾಡಿ ಇಡ್ರಿ, ಒಂದಕ್ಕ ಬಂದ್ರೂ ಇನ್ನೊಂದು ಉಳೀತೈತಿ. ಈ ಲೆಕ್ಕ ಬಿತ್ತೋ ಬೀಜ ಎರಡು ಚೀಲದಾಗ ಇಡೋ ನಮ್ಮ ಅಜ್ಜನಿಗೂ ಗೊತ್ತಿತ್ತು.

ಚಳಿಗಾಲದ ಅಧಿವೇಶನಕ್ಕ ಸುವರ್ಣ ಸೌಧಕ್ಕ ಬರ್ತೀರಲ್ರಿ, ಅಲ್ಲಿಂದ ಭೂತರಾಮನಹಟ್ಟಿಗೆ ಅದ ಹೈವೇ. ಬಂದಾಗ ಒಂದು ಬೆಳಗ್ಗೆ ಮೊದಲ ಹೇಳದ ಹೋಗ್ರಿ. ಹೂವಿನ ಹಾರ ರೆಡಿ ಇರೂದಿಲ್ಲ, ಅದ ಛಲೋ. ಗೇಟಿನ್ಯಾಗ ಕಾಲು ಅದ್ದೋ ತೊಟ್ಟಿ ಐತೇನು, ಅದರಾಗ ನೀರು ಐತೇನು ನೋಡ್ರಿ, ಮೇವು ಹಾಕೋ ಹುಡುಗನ್ನ ಕರೆದು "ಒಂದು ಚಿಗರಿ ಜೊಲ್ಲು ಸುರಿಸಿದ್ರ ಯಾರಿಗೆ ಫೋನ್ ಮಾಡ್ತೀಪಾ" ಅಂತ ಕೇಳ್ರಿ. ಅವ ಥಟ್ಟನೆ ನಂಬರ್ ಹೇಳಿದ್ರ ನಾನು ಈ ಪತ್ರ ವಾಪಸ್ ತಗೋತೀನಿ.

ನನ್ನ ಮಗಳು ನಾಲ್ಕನೇತ್ತಾ ಐತಿ. ಹೋದ ಬ್ಯಾಸಿಗಿ ಸೂಟಿನ್ಯಾಗ ಇದ ಮೃಗಾಲಯಕ್ಕ ಕರ್ಕೊಂಡು ಹೋಗಿದ್ದೆ. ಹುಲಿ ಮಲಗಿತ್ತು, ಸಿಂಹ ಮಕಾ ತೋರಿಸಲಿಲ್ಲ, ಜಿಗಿದು ತೋರಿಸಿದ್ದು ಚಿಗರಿ ಮಾತ್ರ. ಈಗ ಮತ್ತ ಹೋಗೋಣು ಅಂತ ಹಟ ಹಿಡದೈತಿ, ಉಳಿದ ಏಳರಾಗ ಕೊಂಬು ತಿರುವಿದ ಆ ಕರಿ ಗಂಡು ಐತೋ ಇಲ್ಲೋ ನೋಡಬೇಕಂತ. ಮುಂದಿನ ಮಳಿಗಾಲದಕಿಂತ ಮೊದಲ ನಮ್ಮೂರಿಗೆ ಲಸಿಕಿ ಹಾಕೋರು ಬರ್ತಾರ, ಆ ವಾರ ಅವರ ಗಾಡಿ ಭೂತರಾಮನಹಟ್ಟಿ ಕಡೇನೂ ಹೋಗ್ತೈತೇನು ಅಂತ ಕೇಳಿ, ಆಮ್ಯಾಲ ಅಕಿನ್ನ ಕರ್ಕೊಂಡು ಹೋಗ್ತೀನಿ.

ಇಂತಿ,
ಬೈಲಹೊಂಗಲ ತಾಲೂಕಿನ ಒಬ್ಬ ಎಮ್ಮಿ ಸಾಕೋ ಮನಿಯವ