ನನ್ನ ಪಾಲನ್ನು ಸೂರ್ಯನ ಮೇಲೆ ಹಾಕಬೇಡ

ಹನುಮಂತನಗರ, ಬೆಂಗಳೂರು

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮನೆ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯ ಪುಟದಲ್ಲಿ ಒಂದು ಸಾಲಿದೆ. ಅದಕ್ಕೇ ಈ ಉತ್ತರ. "ಭೂಮಿ ಬಿಸಿಯಾಗುತ್ತಿರುವುದು ಪ್ರಕೃತಿಯ ಚಕ್ರ ಅಂತಲೇ ನಂಬೋಣ ಅನ್ನಿಸುತ್ತಿದೆ ದೊಡ್ಡಪ್ಪ. ಮನುಷ್ಯರು ಮಾಡಿದ್ದು ಅಂತಾದರೆ ನಿಮ್ಮ ಮೇಲೆ ಕೋಪ ಬಂದುಬಿಡುತ್ತೇನೋ ಅಂತ ಭಯ" ಅಂತ ಬರೆದಿದ್ದೀಯ.

ಓದಿ ಕಾಫಿ ಆರಿಹೋಯಿತು. ನಿನ್ನ ದೊಡ್ಡಮ್ಮ ಬಂದು "ಯಾರಿಗೆ ಏನಾಯ್ತು?" ಅಂತ ಕೇಳಿದಳು. ಏನೂ ಇಲ್ಲ ಅಂದೆ.

ಕಲ್ಲಿದ್ದಲಿನ ಕರೆಂಟ್ ಪ್ಲಾಂಟಿನಲ್ಲಿ ದುಡಿದವನ ಮೇಲೆ ನಿನಗೆ ಕೋಪ ಬಂದರೆ ಬರಲಿ. ನನ್ನನ್ನು ಕಾಡಿದ್ದು ಅದಲ್ಲ. ದೊಡ್ಡಪ್ಪನ ಮೇಲೆ ಕೋಪ ಬರಬಾರದು ಅಂತ ನೀನು ಲೆಕ್ಕವನ್ನೇ ತಿದ್ದಲು ಹೊರಟಿದ್ದೀಯಲ್ಲ, ಅದು. ಎಂ.ಎಸ್ಸಿ. ಓದುತ್ತಿರುವ ಹುಡುಗಿ ನೀನು. ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ಮಾಡುವುದನ್ನು ನಿನಗೆ ಯಾರೂ ಕಲಿಸಿಲ್ಲ.

ನಿನ್ನ ಹಾಸ್ಟೆಲ್ ಗೆಳತಿ ಹೇಳಿದ ಚಕ್ರಗಳು ಸುಳ್ಳಲ್ಲ. ಹಿಮಯುಗಗಳು ಬಂದಿವೆ, ಹೋಗಿವೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸ್ವಲ್ಪ ಉದ್ದವಾಗುತ್ತದೆ, ಮತ್ತೆ ಗುಂಡಗಾಗುತ್ತದೆ. ಅದಕ್ಕೆ ಸುಮಾರು 1 ಲಕ್ಷ ವರ್ಷ ಬೇಕು. ಅಕ್ಷದ ವಾಲು ಏರಿ ಇಳಿಯಲು 41,000 ವರ್ಷ. ಅಕ್ಷದ ತೂಗಾಟದ್ದು ಇನ್ನೊಂದು ಚಕ್ರ, 20,000 ವರ್ಷದ ಆಸುಪಾಸಿನದು. ಸರ್ಬಿಯಾದ ಮಿಲಾಂಕೋವಿಚ್ ಅನ್ನುವವರು ಇದನ್ನೆಲ್ಲ ಕಾಗದದ ಮೇಲೆ ಕೈಯಲ್ಲೇ ಲೆಕ್ಕ ಹಾಕಿದರು. ಆ ಲೆಕ್ಕ ಇವತ್ತಿಗೂ ನಿಂತಿದೆ. ಆದರೆ ಅದರ ಪ್ರಕಾರ ಭೂಮಿ ಈಗ ಬಹಳ ನಿಧಾನವಾಗಿ ತಣ್ಣಗಾಗುತ್ತಿರಬೇಕಿತ್ತು. ಕಳೆದ ಹಿಮಯುಗ ಮುಗಿಯುವಾಗ ಐದಾರು ಡಿಗ್ರಿ ಏರಲು ಸುಮಾರು 10,000 ವರ್ಷ ಹಿಡಿಯಿತು. ಈಗ ನೂರೈವತ್ತು ವರ್ಷದಲ್ಲಿ ಒಂದು ಡಿಗ್ರಿಗಿಂತ ಜಾಸ್ತಿ ಏರಿದೆ. ಅದರಲ್ಲೂ ಹೆಚ್ಚಿನ ಪಾಲು ನಾನು ಕೆಲಸಕ್ಕೆ ಸೇರಿದ ಕಾಲದಿಂದ ಈಚೆಗೆ.

ನೋಡು, ಬೇಡ ಅಂದುಕೊಂಡರೂ ಅಲ್ಲಿಗೇ ಬಂದೆ.

ಪ್ಲಾಂಟಿನ ಕಥೆಗಳನ್ನು ನೀನು ಚಿಕ್ಕವಳಿದ್ದಾಗಿಂದ ಕೇಳಿದ್ದೀಯ. ಒಂದನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೇಳುವಂಥದ್ದು ಅಂತ ಅನ್ನಿಸಿರಲೂ ಇಲ್ಲ. ನಮ್ಮಲ್ಲಿ ಓರ್ಸಾಟ್ ಅಂತ ಒಂದು ಗಾಜಿನ ಉಪಕರಣ ಇತ್ತು. ಬಾಯ್ಲರಿನಿಂದ ಹೊರಗೆ ಹೋಗುವ ಹೊಗೆಯನ್ನು ಅದರೊಳಗೆ ಎಳೆದುಕೊಂಡು ಪೊಟ್ಯಾಷ್ ದ್ರಾವಣದ ಮೂಲಕ ಹಾಯಿಸಬೇಕು. ಎಷ್ಟು ಹೀರಿಕೊಂಡಿತೋ ಅಷ್ಟು ಇಂಗಾಲದ ಡೈಆಕ್ಸೈಡ್. ನೂರಕ್ಕೆ ಹದಿಮೂರು, ಹದಿನಾಲ್ಕು ಬಂತು ಅಂದರೆ ಕಲ್ಲಿದ್ದಲು ಚೆನ್ನಾಗಿ ಉರಿದಿದೆ, ಬೇಡದ ಗಾಳಿ ಒಳಗೆ ಹೋಗಿಲ್ಲ ಅಂತ ಅರ್ಥ. ಕಡಿಮೆ ಬಂದರೆ ಶಿಫ್ಟ್ ಇಂಜಿನಿಯರ್ ಮುಖ ಗಂಟು ಹಾಕುತ್ತಿದ್ದರು. ಅಂದರೆ ಆ ಅನಿಲ ನಮಗೆ ಮಾರ್ಕ್ಸ್ ಇದ್ದ ಹಾಗೆ. ಜಾಸ್ತಿ ಬಂದಷ್ಟೂ ಶಹಬ್ಬಾಸ್. ಲಾಗ್ ಪುಸ್ತಕದಲ್ಲಿ ದುಂಡಗೆ ಬರೆದು ಸಹಿ ಹಾಕುತ್ತಿದ್ದೆ.

210 ಮೆಗಾವಾಟಿನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 3,000 ಟನ್ ಕಲ್ಲಿದ್ದಲು ಬೇಕು. ಬೂದಿ ಕಣ್ಣಿಗೆ ಕಾಣುತ್ತಿತ್ತು. ಅದಕ್ಕೆ ಯಂತ್ರ ಇತ್ತು, ಹೊಂಡ ಇತ್ತು, ಸುತ್ತಲಿನವರ ತಕರಾರೂ ಇತ್ತು. ಕಾಣದಿದ್ದುದಕ್ಕೆ ಏನೂ ಇರಲಿಲ್ಲ. 12 ಕೆ.ಜಿ. ಇಂಗಾಲ ಉರಿದರೆ 44 ಕೆ.ಜಿ. ಅನಿಲ ಆಗುತ್ತದೆ, ಆಮ್ಲಜನಕ ಸೇರಿಕೊಳ್ಳುತ್ತದಲ್ಲ. ಒಳಗೆ ಹಾಕಿದ ಕಲ್ಲಿದ್ದಲಿನ ತೂಕಕ್ಕಿಂತ ಚಿಮಣಿಯಿಂದ ಹೋಗುತ್ತಿದ್ದ ಈ ಅನಿಲದ ತೂಕವೇ ಜಾಸ್ತಿ. ಪಿಯುಸಿ ಕೆಮಿಸ್ಟ್ರಿ ಇದು. ನನಗೆ ಗೊತ್ತಿತ್ತು. ಆದರೆ ಕೂಡಿ ನೋಡಿರಲಿಲ್ಲ.

1992ರ ಸುಮಾರು ಇರಬೇಕು, ರಿಯೋದಲ್ಲಿ ದೊಡ್ಡ ಸಮ್ಮೇಳನ ಆಗಿ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಆಗ ಹೊಸದಾಗಿ ಬಂದ ಟ್ರೈನಿ ಹುಡುಗ ಓರ್ಸಾಟ್ ಓದುವಾಗ ಕೇಳಿದ: "ಇದೆಲ್ಲ ಆಮೇಲೆ ಎಲ್ಲಿಗೆ ಹೋಗುತ್ತೆ ಸಾರ್?" "ಗಾಳಿಗೆ, ಇನ್ನೆಲ್ಲಿಗೆ?" ಅಂದೆ. ಪಕ್ಕದಲ್ಲಿದ್ದವರು ನಕ್ಕರು. ಹುಡುಗ ಸುಮ್ಮನಾದ. ಉತ್ತರವೇನೋ ಸರಿಯೇ. ಅವನ ಜೊತೆ ಕೂತು ಇನ್ನೊಂದು ಹತ್ತು ನಿಮಿಷ ಮಾತಾಡಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಅವನಿಗೂ ಈಗ ನಿನ್ನ ವಯಸ್ಸಿನ ಮಕ್ಕಳಿರಬೇಕು.

ಅವನು ಕೇಳಿದ್ದಕ್ಕೆ ಉತ್ತರ ಅಷ್ಟರಲ್ಲಾಗಲೇ ಸಿಕ್ಕಿತ್ತು, ನಮ್ಮ ಕಂಟ್ರೋಲ್ ರೂಮಿಗೆ ಬಂದಿರಲಿಲ್ಲ ಅಷ್ಟೇ. 1958ರಿಂದ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಗಾಳಿಯನ್ನು ಅಳೆಯುತ್ತಿದ್ದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ 315 ಭಾಗ. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಮಂಜಿನೊಳಗೆ ಸಿಕ್ಕಿಕೊಂಡ ಹಳೇ ಗಾಳಿಯ ಗುಳ್ಳೆಗಳಲ್ಲಿ 8 ಲಕ್ಷ ವರ್ಷದ ಲೆಕ್ಕ ಇದೆ. ಅಷ್ಟು ಹಿಮಯುಗಗಳು ಬಂದು ಹೋದರೂ ಅದು 300ರ ಮೇಲೆ ಹೋಗಿರಲಿಲ್ಲ.

ಜಾಸ್ತಿಯಾದದ್ದು ನಮ್ಮ ಚಿಮಣಿಯದೇ ಅಂತ ಹೇಗೆ ಗೊತ್ತು ಅಂತ ನಿನ್ನ ಗೆಳತಿ ಕೇಳಬಹುದು. ಕೇಳಲೇಬೇಕು. ಇದರಲ್ಲಿ ನನಗೆ ಎಲ್ಲಕ್ಕಿಂತ ನಾಟಿದ್ದು ಆ ಪುರಾವೆಯೇ. ಜೀವ ಇರುವ ಗಿಡದಲ್ಲಿ ಕಾರ್ಬನ್-14 ಅನ್ನುವ ಒಂದು ಬಗೆಯ ವಿಕಿರಣಶೀಲ ಇಂಗಾಲ ಚೂರು ಇರುತ್ತದೆ. ಸತ್ತ ಮೇಲೆ ಅದು ಕರಗುತ್ತಾ ಹೋಗುತ್ತದೆ, ಪ್ರತಿ 5,730 ವರ್ಷಕ್ಕೆ ಅರ್ಧ. ನಮ್ಮ ದೇಶದ ಕಲ್ಲಿದ್ದಲು ಬಹುಪಾಲು 25 ಕೋಟಿ ವರ್ಷಕ್ಕಿಂತ ಹಳೆಯದು. ಅದರಲ್ಲಿ ಕಾರ್ಬನ್-14 ಒಂದಿಷ್ಟೂ ಉಳಿದಿರುವುದಿಲ್ಲ. ಅಂಥದ್ದನ್ನು ಸುಟ್ಟು ಗಾಳಿಗೆ ಬಿಟ್ಟರೆ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗಬೇಕು. ಹಾಗೇ ಆಗಿದೆ ಅಂತ ಹಾನ್ಸ್ ಸ್ಯೂಸ್ ಎಂಬವರು 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ತೋರಿಸಿದರು. ಜ್ವಾಲಾಮುಖಿಯ ಇಂಗಾಲದಲ್ಲೂ ಕಾರ್ಬನ್-14 ಇಲ್ಲವಲ್ಲ ಅನ್ನಬಹುದು. ನಿಜ. ಆದರೆ ಲೋಕದ ಜ್ವಾಲಾಮುಖಿಗಳೆಲ್ಲ ಸೇರಿ ಬಿಡುವುದು ನಾವು ಬಿಡುವುದರ ನೂರರಲ್ಲಿ ಒಂದು ಪಾಲೂ ಇಲ್ಲ. ಮೇಲಾಗಿ 1991ರಲ್ಲಿ ಫಿಲಿಪೈನ್ಸಿನ ಪಿನಾಟುಬೊ ಸಿಡಿದಾಗ ಅದರ ಮಬ್ಬಿನಿಂದ ಭೂಮಿ ಒಂದೆರಡು ವರ್ಷ ತಣ್ಣಗೇ ಆಗಿತ್ತು.

ಹೊಗೆ ಚಿಮಣಿಯ ಬಾಯಿ ದಾಟಿದ ಮೇಲೆ ನಮ್ಮದಲ್ಲ ಅಂದುಕೊಂಡಿದ್ದೆವು. ಅದರ ಗುರುತು ಅಳಿಸಿರಲಿಲ್ಲ.

ಇನ್ನು ಸೂರ್ಯ. 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ನೇರವಾಗಿ ಅಳೆಯುತ್ತಿವೆ. 11 ವರ್ಷಕ್ಕೊಮ್ಮೆ ಚೂರು ಏರುತ್ತದೆ, ಚೂರು ಇಳಿಯುತ್ತದೆ. ಒಟ್ಟಾರೆ ಏರಿಕೆ ಇಲ್ಲ. ಇನ್ನೊಂದು ಮಾತು. ಸೂರ್ಯನೇ ಕಾರಣ ಆಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿ ಏರುತ್ತಿದೆ, ಮೇಲೆ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ನೆಲದ ಶಾಖವನ್ನು ಹಿಡಿದಿಡುವ ಈ ಅನಿಲ ಹೆಚ್ಚಾದರೆ ಹೀಗೇ ಆಗುತ್ತದೆ ಅಂತ 1967ರಲ್ಲೇ ಹವಾಮಾನ ವಿಜ್ಞಾನಿ ಸ್ಯುಕುರೋ ಮನಾಬೆ ಜೊತೆಗಾರನೊಬ್ಬನ ಸಂಗಡ ಲೆಕ್ಕ ಹಾಕಿ ಹೇಳಿದ್ದರು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯೂ ಮನುಷ್ಯರಿಂದಲೇ ಬಿಸಿಯಾಗಿದೆ, ಇದರಲ್ಲಿ ಸಂದೇಹ ಇಲ್ಲ ಅಂತ ಬರೆಯಿತು.

ಹಾಗಾಗಿ ಅನಘಾ, ನನ್ನನ್ನು ಉಳಿಸಲು ಹೋಗಿ ಸೂರ್ಯನ ಮೇಲೆ ಹಾಕಬೇಡ.

"ಆಗಲೇ ಗೊತ್ತಿತ್ತಾ?" ಅಂತ ನೀನು ಕೇಳಿಲ್ಲ. ಕೇಳಲು ಹೆದರಿದ್ದೀಯ ಅನ್ನಿಸಿತು. ನಾನೇ ಹೇಳುತ್ತೇನೆ. ಗಾಳಿಯಲ್ಲಿ ಈ ಅನಿಲ ಜಾಸ್ತಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಅನ್ನುವ ಲೆಕ್ಕವನ್ನು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲಿ ಮಾಡಿದರು. ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ. ನಮ್ಮ ಸೀಮೆಯಲ್ಲಿ ದೀಪ ಹತ್ತುವ ಮೊದಲೇ ಲೆಕ್ಕ ಮುಗಿದಿತ್ತು! 1988ರಲ್ಲಿ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ಟಿನ ಮುಂದೆ ನಿಂತು, ಬಿಸಿ ಏರುವುದು ಶುರುವಾಗಿದೆ ಅಂದರು. ನನಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದವರು ಇದ್ದರು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಲು ಆಗುವುದಿಲ್ಲ.

ಗೊತ್ತಿದ್ದರೆ ಕೆಲಸ ಬಿಡುತ್ತಿದ್ದೆನಾ? ಇಲ್ಲ ಅನ್ನಿಸುತ್ತದೆ. ಆಗ ನಮ್ಮ ರಾಜ್ಯದ ಕರೆಂಟೆಲ್ಲ ಹೆಚ್ಚುಕಡಿಮೆ ನೀರಿನದ್ದು. ಮಳೆ ಕೈಕೊಟ್ಟರೆ ಕತ್ತಲೆ. ನಿನ್ನಪ್ಪ ಬುಡ್ಡಿ ದೀಪದಲ್ಲಿ ಓದಿದ್ದನ್ನು ಅವನೇ ಸಾವಿರ ಸಲ ಹೇಳಿದ್ದಾನೆ, ನಾನು ಬೇರೆ ಹೇಳುವುದಿಲ್ಲ. ಕಲ್ಲಿದ್ದಲಿನ ಕರೆಂಟ್ ಬಂದು ಪಂಪ್‌ಸೆಟ್ ಓಡಿತು, ಆಸ್ಪತ್ರೆಯ ಫ್ರಿಜ್ ನಿಲ್ಲದೆ ನಡೆಯಿತು. ಅದಕ್ಕೆ ನಾಚಿಕೆಪಡು ಅಂದರೆ ನನ್ನಿಂದ ಆಗದು. ಅದೇ ಹೊಗೆ ಇನ್ನೂ ಮೇಲಿದೆ ಅಂದರೆ ಇಲ್ಲ ಅನ್ನಲೂ ಆಗದು. ಇಲ್ಲಿಯವರೆಗೆ ಲೋಕ ಸುಟ್ಟ ಕಲ್ಲಿದ್ದಲು, ಎಣ್ಣೆ, ಗ್ಯಾಸಿನ ಹೊಗೆಯಲ್ಲಿ ಅಮೆರಿಕದ್ದೇ ಸುಮಾರು ಕಾಲು ಭಾಗ. ನಮ್ಮ ದೇಶದ್ದು ನೂರಕ್ಕೆ ನಾಲ್ಕರ ಆಸುಪಾಸು. ಕೋಪವನ್ನು ಹಂಚುವುದಾದರೆ ಈ ಅಳತೆಯಲ್ಲಿ ಹಂಚು. ನನ್ನದನ್ನು ಸೊನ್ನೆ ಮಾತ್ರ ಮಾಡಬೇಡ.

ಇಲ್ಲಿ ಬೆಂಗಳೂರಿನಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಮೊದಲು ಫ್ಯಾನೇ ಬೇಕಿರಲಿಲ್ಲ ಅಂತ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದದ್ದು ನೆನಪಿದೆಯಲ್ಲ. ಎರಡೂ ಎಲ್ ನಿನ್ಯೋ, ಅಂದರೆ ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯಾಗುವುದು, ಕಾಡಿದ ವರ್ಷಗಳು. ಅದು ಪ್ರಕೃತಿಯದೇ, ಇದು ನಿನ್ನ ಗೆಳತಿಗೆ ಸಲ್ಲಬೇಕಾದ ಅಂಕ. ಆದರೆ ಎಲ್ ನಿನ್ಯೋ ಮೊದಲೂ ಬರುತ್ತಿತ್ತು. ಈಗ ಏರಿದ ನೆಲದ ಮೇಲೆ ನಿಂತು ಎಗರುತ್ತಿದೆ. ಇಲ್ಲಿಯ ಸೆಕೆಯನ್ನೆಲ್ಲ ಕಲ್ಲಿದ್ದಲಿನ ಲೆಕ್ಕಕ್ಕೇ ಬರೆಯುವುದೂ ತಪ್ಪು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಮರ ಹೋಗಿ ಕಾಂಕ್ರೀಟ್ ಬಂತು. ಅದು ಊರಿನದೇ ಬಿಸಿ. ಅದನ್ನೂ ಯಾವ ಚಕ್ರವೂ ಮಾಡಲಿಲ್ಲ ಬಿಡು.

ಏನು ಮಾಡಬೇಕು ಅಂತ ನೀನು ಕೇಳಿಲ್ಲ, ಆದರೂ ಹಿರಿಯರ ಬಾಯಿ ಸುಮ್ನೆ ಇರುವುದಿಲ್ಲ. ರಾತ್ರಿ ಮಲಗುವ ಮುಂಚೆ ಭೂಮಿ ಬಿಸಿಯಾಗುವ ವಿಷಯದ ವಿಡಿಯೋ ನೋಡಬೇಡ. ನಾನೂ ನೋಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಯಾರಾದರೂ ಚಕ್ರ ಅಂದರೆ ಜಗಳಕ್ಕೆ ಹೋಗಬೇಡ. ಯಾವ ಚಕ್ರ, ಎಷ್ಟು ವರ್ಷದ್ದು, ಈಗ ಅದು ಏರುವ ಕಡೆ ಇದೆಯೋ ಇಳಿಯುವ ಕಡೆಯೋ ಅಂತ ಮಾತ್ರ ಕೇಳು. ರಜೆಗೆ ಬಂದಾಗ ಪಾವಗಡಕ್ಕೆ ಹೋಗಿ ಬರೋಣ ಅಂತ ಆಸೆ, ನನ್ನ ಮಂಡಿ ಒಪ್ಪಿದರೆ. ಅಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟಿನದು. ಚಿಮಣಿಯಿಲ್ಲದ ಪ್ಲಾಂಟ್ ಹೇಗಿರುತ್ತದೆ ಅಂತ ನಾನಿನ್ನೂ ಸರಿಯಾಗಿ ನೋಡಿಲ್ಲ. ರಾತ್ರಿ ಏನು ಮಾಡುತ್ತಾರೆ ಅಂತ ಅಲ್ಲಿಯವರನ್ನು ಕೇಳಬೇಕು. ಬಾಯ್ಲರಿನವರಿಗೆ ಮೊದಲು ಬರುವ ಅನುಮಾನವೇ ಅದು. ಇದು ಉಪದೇಶ ಅನ್ನಿಸಿದರೆ ಬಿಡು.

ನಿನ್ನ ಭಯಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಲೆಕ್ಕ ಸರಿಯಾಗಿ ಮಾಡಿದರೆ ನಿನಗೆ ನನ್ನ ಮೇಲೆ ಸ್ವಲ್ಪ ಕೋಪ ಬರಬಹುದು. ಬಂದರೂ ನಾನು ನಿನ್ನ ದೊಡ್ಡಪ್ಪನೇ ಅಲ್ವಾ? ಬೈಯುವುದಿದ್ದರೆ ಪತ್ರದಲ್ಲಿ ಬೈ, ಎರಡು ಪುಟ ಜಾಸ್ತಿಯಾದರೂ ಪರವಾಗಿಲ್ಲ. ಫೋನಿನಲ್ಲಿ ಬೇಡ. ನಿನ್ನ ದೊಡ್ಡಮ್ಮ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಾಳೆ, ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳಿಸುತ್ತದೆ.

ಇತಿ,
ನಿನ್ನ ದೊಡ್ಡಪ್ಪ