ತಲೆಸುತ್ತು ಅಂತ ಬಂದವರನ್ನು ಒಮ್ಮೆ ನಿಲ್ಲಿಸಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು (ಸ್ಟ್ರೋಕ್) ದಿನಕ್ಕೆಂದು ನಮ್ಮೂರ ಆಸ್ಪತ್ರೆ ಗೋಡೆಗೆ ಹೊಸ ಪೋಸ್ಟರ್ ಬಂದಿದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಬನ್ನಿ ಅಂತ ಇದೆ. ಒಳ್ಳೆಯದೇ. ಆದರೆ ಸ್ಟ್ರೋಕ್ ಕೆಲವೊಮ್ಮೆ ತಲೆಸುತ್ತಾಗಿಯೂ ಬರುತ್ತದೆ, ಅದರ ಸುದ್ದಿಯೇ ಇಲ್ಲ. 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಅದರಲ್ಲಿ ಜಾಸ್ತಿ ಕಾಲ ಕ್ಯಾಷುವಾಲ್ಟಿಯಲ್ಲೇ ಕಳೆಯಿತು. ಹಾಗಾಗಿ ಈ ಪತ್ರ.

ತಲೆಸುತ್ತು ಅಂತ ಬಂದವರಿಗೆ ನಾವು ಏನು ಮಾಡುತ್ತಿದ್ದೆವು ಅನ್ನುವುದನ್ನು ನಿದ್ದೆಯಲ್ಲೂ ಹೇಳಬಲ್ಲೆ. ಬಿಪಿ, ಶುಗರ್, ಇಸಿಜಿ. ಕೈಗೊಂದು ಡ್ರಿಪ್. ವಾಂತಿ ಇದ್ದರೆ ಒಂದು ಇಂಜೆಕ್ಷನ್. ಆ ಮೂರು ಪರೀಕ್ಷೆ ಬೇಕೇ ಬೇಕು. ಶುಗರ್ ಇಳಿದವರು, ಎದೆಬಡಿತ ತಾಳ ತಪ್ಪಿದವರು ಅಲ್ಲೇ ಸಿಕ್ಕಿಬಿಡುತ್ತಾರೆ. ಎಲ್ಲ ನಾರ್ಮಲ್ ಬಂದರೆ? "ವೀಕ್‌ನೆಸ್" ಅನ್ನುತ್ತಿದ್ದೆವು. ಇಲ್ಲವೇ "ಕುತ್ತಿಗೆ ಮೂಳೆ ಸವೆದಿದೆ". ಅರವತ್ತು ದಾಟಿದವರ ಕುತ್ತಿಗೆ ಎಕ್ಸ್‌ರೇ ತೆಗೆದರೆ ಸವೆತ ಕಾಣದೆ ಇರುತ್ತದೆಯೇ? ಹೀಗೆ ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡು ಮನೆಗೆ ಹೋದವರಿಗೆ ಲೆಕ್ಕವಿಲ್ಲ.

ನಮ್ಮ ಜನ ತಲೆಸುತ್ತು ಅನ್ನುತ್ತಾರೆ, ಬವಳಿ ಬಂತು ಅನ್ನುತ್ತಾರೆ, ಕಣ್ಣು ಕತ್ತಲೆ ಬಂತು, ಪಿತ್ತ ಜಾಸ್ತಿಯಾಗಿದೆ ಅನ್ನುತ್ತಾರೆ. "ಸುತ್ತುತ್ತದಾ, ತೇಲಿದ ಹಾಗಾಗುತ್ತದಾ?" ಅಂತ ಡಾಕ್ಟರು ಕೇಳುತ್ತಿದ್ದರು. ಐದು ನಿಮಿಷ ಬಿಟ್ಟು ಕೇಳಿದರೆ ಅದೇ ರೋಗಿ ಬೇರೆ ಉತ್ತರ ಕೊಡುತ್ತಿದ್ದ. 2023ರಲ್ಲಿ ಅಮೆರಿಕದ ತುರ್ತು ವೈದ್ಯರ ಸಂಘವೊಂದು ತಲೆಸುತ್ತಿಗೆಂದೇ ಮಾರ್ಗಸೂಚಿ ತಂದಿತು. ಅದರ ಪ್ರಕಾರ ರೋಗಿ ಯಾವ ಪದ ಬಳಸುತ್ತಾನೆ ಅನ್ನುವುದಕ್ಕಿಂತ ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಬರುತ್ತದೆ ಅನ್ನುವುದೇ ಮುಖ್ಯ.

ಇದು ನನಗೆ ಅರ್ಥವಾಗಿದ್ದು ನಿವೃತ್ತಿಯ ನಂತರ. ಒಂದು ದಿನ ಬೆಳಗಿನ ಜಾವ ನಮ್ಮ ಮನೆಯವರು ಹಾಸಿಗೆಯಲ್ಲಿ ಬಲಕ್ಕೆ ಹೊರಳಿದವರೇ "ಮನೆ ತಿರುಗ್ತಿದೆ ಕಣೇ" ಅಂತ ಮಂಚದ ಅಂಚು ಹಿಡಿದುಕೊಂಡರು. ಅರ್ಧ ನಿಮಿಷಕ್ಕೆ ನಿಂತಿತು. ಏಳಲು ಹೋದಾಗ ಮತ್ತೆ ಶುರು. ಒಂದು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು, ಎರಡು ದಿನ ಡ್ರಿಪ್ ಆಯಿತು. ನಾನೂ ಸುಮ್ನೆ ಕೂತಿದ್ದೆ, ನಾನು ಮಾಡುತ್ತಿದ್ದದ್ದೂ ಅದೇ ತಾನೆ.

ಮೂರನೇ ದಿನ ಕಿವಿ-ಮೂಗು-ಗಂಟಲಿನ ಡಾಕ್ಟರಮ್ಮ ಬಂದರು, ಇನ್ನೂ ಚಿಕ್ಕ ವಯಸ್ಸು. ಇವರನ್ನು ಮಂಚದ ಮೇಲೆ ಕಾಲು ಚಾಚಿಸಿ ಕೂರಿಸಿದರು. ತಲೆಯನ್ನು ಅರ್ಧ ಬಲಕ್ಕೆ ತಿರುಗಿಸಿ ಹಿಡಿದು, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿದಿತ್ತು. "ಕಣ್ಣು ಮುಚ್ಚಬೇಡಿ ಅಂಕಲ್." ಮೂರು ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ಎರಡೂ ಕಣ್ಣುಗುಡ್ಡೆ ಗಿರಗಿಟ್ಲೆಯ ಹಾಗೆ ಅದುರಲು ಶುರು, ತಿರುಚಿಕೊಂಡು ಮೇಲಕ್ಕೆ ಜಗ್ಗುತ್ತಿದ್ದವು. ಇವರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒತ್ತಿ ಗುರುತು ಬಿತ್ತು. ಕಣ್ಣು ಶಾಂತವಾದ ಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿದರು. ಆಮೇಲೆ ಎಡ ಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡಿದರು. ಕೊನೆಗೆ ಎಬ್ಬಿಸಿ ಕೂರಿಸಿದರು. ಒಂದೊಂದು ಭಂಗಿಯಲ್ಲೂ ಅರ್ಧ ನಿಮಿಷ, ಒಂದು ನಿಮಿಷ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗಿಸಿದರೆ ಸುತ್ತೇ ಇಲ್ಲ.

ಒಳಕಿವಿಯಲ್ಲಿ ಇರುವ ಸುಣ್ಣದ ಸಣ್ಣ ಹರಳುಗಳು ಜಾಗ ತಪ್ಪಿ ಪಕ್ಕದ ನಾಳಕ್ಕೆ ಜಾರಿದಾಗ ಹೀಗಾಗುತ್ತದಂತೆ. ತಲೆಯನ್ನು ಹೀಗೆ ತಿರುಗಿಸಿದರೆ ಹರಳು ಉರುಳಿ ಆ ನಾಳದಿಂದ ಹೊರಗೆ ಬರುತ್ತದೆ. ಮಾತ್ರೆಯಿಂದ ಹರಳು ಕದಲುವುದಿಲ್ಲ. ಅಮೆರಿಕದ ಡಾ. ಜಾನ್ ಎಪ್ಲಿ ಈ ವಿಧಾನವನ್ನು 1992ರಲ್ಲಿ ಪ್ರಕಟಿಸಿದರು. ಸರಕ್ಕನೆ ಮಲಗಿಸಿ ಪತ್ತೆ ಮಾಡುವ ಪರೀಕ್ಷೆ ಇನ್ನೂ ಹಳೆಯದು, 1952ರದು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಒಂದು ಸಲವೂ ಅದನ್ನು ನೋಡಿರಲಿಲ್ಲ! ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗಿ ಮಂಪರಿನಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರನ್ನು ಮಾತ್ರ ನೋಡಿದ್ದೇನೆ.

ಇನ್ನೊಂದು ಘಟನೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಐವತ್ತರ ಆಸುಪಾಸಿನ ರೈತ. ಸಂಜೆಯಿಂದ ಬಿಡದೆ ತಲೆಸುತ್ತು, ವಾಂತಿ. ಅಲುಗಾಡದೆ ಮಲಗಿದರೂ ನಿಲ್ಲುತ್ತಿರಲಿಲ್ಲ. ಮಾತು ಸ್ಪಷ್ಟವಾಗಿತ್ತು, ನನ್ನ ಕೈ ಹಿಚುಕು ಅಂದರೆ ಚೆನ್ನಾಗಿಯೇ ಹಿಚುಕಿದ. ಸಿಟಿ ನಾರ್ಮಲ್ ಬಂತು, ಎಲ್ಲರೂ ನಿರಾಳವಾದೆವು. ಗೇಟಿನಿಂದ ಮಂಚದವರೆಗೆ ವೀಲ್‌ಚೇರಿನಲ್ಲೇ ಬಂದಿದ್ದ. ಅವನನ್ನು ಒಮ್ಮೆ ಎಬ್ಬಿಸಿ ನಿಲ್ಲಿಸಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ. ಬೆಳಿಗ್ಗೆ ಶೌಚಾಲಯಕ್ಕೆ ಎಬ್ಬಿಸಿದಾಗ ಇಬ್ಬರು ಹಿಡಿದರೂ ಒಂದೇ ಕಡೆಗೆ ವಾಲುತ್ತಿದ್ದ. ಸ್ಟ್ರೋಕ್ ಆಗಿತ್ತು, ಹಿಮ್ಮೆದುಳಿನಲ್ಲಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ. ಅದು ರಾತ್ರಿಯೇ ಮುಗಿದಿತ್ತು.

ರಕ್ತಸ್ರಾವ ಆಗಿದ್ದರೆ ಸಿಟಿ ಹೇಳುತ್ತದೆ. ಹಿಮ್ಮೆದುಳಿಗೆ ರಕ್ತ ನಿಂತುಹೋಗಿದ್ದರೆ ಶುರುವಿನಲ್ಲಿ ಬಹುಪಾಲು ಹೇಳುವುದೇ ಇಲ್ಲ. ಮೊದಲ ಎರಡು ದಿನ ಎಂಆರ್‌ಐ ಕೂಡ ಕೆಲವೊಮ್ಮೆ ತಪ್ಪುತ್ತದೆ. 2009ರ ಒಂದು ಅಧ್ಯಯನದಲ್ಲಿ ಪಳಗಿದ ವೈದ್ಯರ ಕಣ್ಣಿನ ಪರೀಕ್ಷೆ ಶುರುವಿನ ಎಂಆರ್‌ಐಗಿಂತ ಚೆನ್ನಾಗಿ ಸ್ಟ್ರೋಕ್ ಹಿಡಿಯಿತು. ಆ ಪರೀಕ್ಷೆ ಹೀಗೆ: ರೋಗಿ ನಿಮ್ಮ ಮೂಗನ್ನೇ ನೋಡುತ್ತಿರುವಾಗ ಅವನ ತಲೆಯನ್ನು ಚಕ್ಕನೆ ಸ್ವಲ್ಪ ತಿರುಗಿಸಬೇಕು. ನೋಟ ಜಾರಿ ಮತ್ತೆ ಮೂಗಿಗೆ ಹಾರಿ ಬಂದರೆ ಸಾಮಾನ್ಯವಾಗಿ ಕಿವಿಯ ನರದ ತೊಂದರೆ. ಬಿಡದೆ ಸುತ್ತುತ್ತಿದ್ದೂ ನೋಟ ಕದಲದೆ ನಿಂತರೆ ಗಾಬರಿಪಡಬೇಕು! ಇದು ಉಲ್ಟಾ ಅನಿಸುತ್ತದೆ, ಅಲ್ವಾ? ಅದಕ್ಕೇ ತರಬೇತಿ ಬೇಕು. ಕಣ್ಣಿನ ಅದುರು ಎಡಕ್ಕೆ ನೋಡಿದಾಗ ಎಡಕ್ಕೆ, ಬಲಕ್ಕೆ ನೋಡಿದಾಗ ಬಲಕ್ಕೆ ಬದಲಾದರೂ ಅಪಾಯ. ಈ ಪರೀಕ್ಷೆ ಬಿಡದೆ ಸುತ್ತುವವರಿಗೆ ಮಾತ್ರ. ನಮ್ಮ ಮನೆಯವರಂಥವರಿಗೆ ಮಾಡಿದರೆ ಸುಮ್ನೆ ದಾರಿ ತಪ್ಪುತ್ತದೆ.

ರಾತ್ರಿ ಪಾಳಿಯಲ್ಲಿ ಒಬ್ಬರೇ ಡಾಕ್ಟರು. ಒಂದು ಕಡೆ ಹಾವು ಕಚ್ಚಿದವರು, ಇನ್ನೊಂದು ಕಡೆ ಬೈಕಿನಿಂದ ಬಿದ್ದವರು. ಅವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಿಮ್ಹಾನ್ಸ್ ಇರುವ ರಾಜ್ಯ ನಮ್ಮದು. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೂರಿಸಿ, ಕಣ್ಣಿನ ವಿಡಿಯೊ ತೋರಿಸಿ, ಒಬ್ಬರ ಮೇಲೊಬ್ಬರು ಮಾಡಿಸಿ ಕಲಿಸುವುದು ಆಗದ ಕೆಲಸವೇ? ಎಬ್ಬಿಸಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ ನೋಡುವುದನ್ನಂತೂ ನರ್ಸ್‌ಗಳೇ ಮಾಡಬಹುದು. ಹಿಡಿದುಕೊಳ್ಳದೆ ಕೂರಲೂ ಆಗದವರನ್ನು ಯಾವ ರಿಪೋರ್ಟ್ ನಾರ್ಮಲ್ ಇದ್ದರೂ ಮನೆಗೆ ಕಳಿಸಬಾರದು.

ಇನ್ನು ಆ ಪೋಸ್ಟರ್. "ಇದ್ದಕ್ಕಿದ್ದಂತೆ ಬಿಡದ ತಲೆಸುತ್ತು, ನಡೆಯಲು ಆಗದಿದ್ದರೆ, ಎರಡೆರಡಾಗಿ ಕಂಡರೆ ಕೂಡಲೇ ಬನ್ನಿ" ಅಂತ ಒಂದು ಸಾಲು ಸೇರಿಸಿದರೆ ಸಾಕು. ಜಾಗ ಇಲ್ಲ ಅನ್ನುವ ಹಾಗಿಲ್ಲ. ಮೇಲುಗಡೆ ಸಾಲಾಗಿ ಐದು ಜನ ಗಣ್ಯರ ಫೋಟೊ ಇದೆ.

ಇತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ಹಾಸನ ಜಿಲ್ಲೆ